ಅಪರೂಪದ ಹಬ್ಬುಬಳ್ಳಿ ಕೊಳ್ಳುವ ಮುಂಚೆ: ನಿಮ್ಮ ಕಿಟಕಿಗೆ ಯಾವುದು ಒಗ್ಗುತ್ತದೆ?

ನಮ್ಮೂರಿನ ತೋಟದ ಅಂಚಿನಲ್ಲಿ ಒಂದು ಮನಿ ಪ್ಲ್ಯಾಂಟ್ ಅಡಿಕೆ ಮರ ಹತ್ತಿ ಕೂತಿದೆ. ಯಾವಾಗಲೋ ಬಾಟಲಿಯಿಂದ ತೆಗೆದು ಬಿಸಾಕಿದ ತುಂಡು ಅದು. ಈಗ ಅದರ ಒಂದೊಂದು ಎಲೆ ಮೊರದಷ್ಟಿದೆ, ಅಂಚು ಅಲ್ಲಲ್ಲಿ ಸೀಳಿದೆ. ಬಂದ ನೆಂಟರು "ಇದ್ಯಾವ ಫಾರಿನ್ ಗಿಡ?" ಅಂತ ಫೋಟೋ ತೆಗೆಯುತ್ತಾರೆ. ಅದೇ ಬಳ್ಳಿಯ ಇನ್ನೊಂದು ತುಂಡು ಬೆಂಗಳೂರಿನ ನಮ್ಮ ಮನೆಯ ಫ್ರಿಜ್ ಮೇಲೆ ಬಾಟಲಿಯಲ್ಲಿದೆ. ಅದರ ಎಲೆ ಇವತ್ತಿಗೂ ಅಂಗೈಯಗಲ.

ಗಿಡ ಒಂದೇ. ಒಂದಕ್ಕೆ ಹತ್ತಲು ಮರ ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ. ಕಾಳುಮೆಣಸು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೆಲದ ಮೇಲೆ ಹರಿಯುವ ಹಂಬು ಎಷ್ಟು ದೂರ ಹೋದರೂ ಸಣಕಲಾಗಿಯೇ ಇರುತ್ತದೆ. ಮರ ಸಿಕ್ಕಿ, ಗೆಣ್ಣು ಗೆಣ್ಣಿಗೂ ಬೇರು ಕಚ್ಚಿಕೊಂಡು ಮೇಲೆ ಹೋದಾಗಲೇ ಅದಕ್ಕೆ ಮೈ ಬರುವುದು, ಕಾಳು ಕಟ್ಟುವುದು.

ಅಪರೂಪದ ಬಳ್ಳಿಗಳನ್ನು ಕೊಳ್ಳುವವರು ಎಡವುವುದು ಇಲ್ಲೇ. ಫೋನಿನಲ್ಲಿ ನೋಡುವುದು ಎರಡಡಿ ಉದ್ದದ ಮಖಮಲ್ ಎಲೆಯನ್ನು. ಮನೆಗೆ ಬರುವುದು ಎರಡೆಲೆಯ ತುಂಡು. ಆ ಎರಡರ ನಡುವೆ ಒಂದು ಆಸರೆ, ಒಂದು ಕಿಟಕಿ ಮತ್ತು ಎರಡು ಮೂರು ವರ್ಷ ಇವೆ. ಹಾಗಾಗಿ ಎಲೆ ನೋಡಿ ಗಿಡ ಆರಿಸಬೇಡಿ ಅನ್ನುವುದು ನನ್ನ ಮಾತು. ನಿಮ್ಮ ಕಿಟಕಿ ಯಾವ ಗಿಡವನ್ನು ಮೇಲೆ ಹತ್ತಿಸಬಲ್ಲದು ಅಂತ ನೋಡಿ ಆರಿಸಿ.

ಮೊದಲು ಮನೆ ಅಳೆಯಿರಿ

ಎರಡು ಅಳತೆ ಸಾಕು. ಒಂದು ಬೆಳಕು. ಬೆಳಕನ್ನು ಲಕ್ಸ್ ಅನ್ನುವ ಮಾನದಲ್ಲಿ ಅಳೆಯುವ ಆ್ಯಪ್ ಫೋನಿಗೆ ಸಿಗುತ್ತದೆ. ಪೂರ್ತಿ ನಿಖರ ಅಲ್ಲ, ಆದರೆ ಅಂದಾಜಿಗೆ ಸಾಲುತ್ತದೆ. ನಮ್ಮ ಪೂರ್ವದ ಕಿಟಕಿಗೆ ತಾಗಿದ ಜಾಗದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ 15,000 ಲಕ್ಸ್ ಹತ್ತಿರ ತೋರಿಸುತ್ತದೆ. ಅಲ್ಲಿಂದ ಆರಡಿ ಒಳಗೆ, ಸೋಫಾ ಪಕ್ಕಕ್ಕೆ ಬಂದರೆ 500. ನಮ್ಮ ಕಣ್ಣಿಗೆ ಎರಡೂ ಜಾಗ "ಬೆಳಕಿದೆ" ಅನ್ನಿಸುತ್ತವೆ. ಗಿಡಕ್ಕೆ ಮೊದಲನೆಯದು ಊಟ, ಎರಡನೆಯದು ಉಪವಾಸ. ಆ್ಯಪ್ ಬೇಡ ಅಂದರೆ ಎಲೆ ಇರುವ ಜಾಗದಿಂದ ಒಂದಡಿ ಮೇಲೆ ಕೈ ಹಿಡಿಯಿರಿ. ಬೆರಳುಗಳ ನೆರಳು ಮಸುಕಾಗಿ, ಆದರೆ ಗುರುತು ಸಿಗುವ ಹಾಗೆ ಬಿದ್ದರೆ ಈ ಬಳ್ಳಿಗಳಿಗೆ ಸರಿ. ನೆರಳೇ ಬೀಳದಿದ್ದರೆ ಅಲ್ಲಿ ಗಿಡ ಇಡುವುದು ಸುಮ್ನೆ ದಂಡ.

ಇನ್ನೊಂದು ಗಾಳಿಯ ತೇವ. ಕೆಲವು ನೂರು ರೂಪಾಯಿಗೆ ಪುಟ್ಟ ಹೈಗ್ರೋಮೀಟರ್ ಸಿಗುತ್ತದೆ. ಅದನ್ನು ಮಳೆಗಾಲದಲ್ಲಿ ನೋಡಿ ಖುಷಿಪಡಬೇಡಿ. ಮಾರ್ಚ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ನೋಡಿ. ಬೆಂಗಳೂರಿನಲ್ಲಿ ಆ ಹೊತ್ತಿಗೆ ಶೇಕಡಾ 30ರ ಆಸುಪಾಸಿಗೆ ಇಳಿಯುವುದು ಮಾಮೂಲು. ಮಂಗಳೂರು, ಉಡುಪಿಯವರಿಗೆ ಈ ತಲೆನೋವೇ ಇಲ್ಲ. ಅವರು ಹೈಗ್ರೋಮೀಟರ್ ದುಡ್ಡಲ್ಲಿ ಇನ್ನೊಂದು ಕುಂಡ ತರಬಹುದು. ಕಲಬುರಗಿ, ರಾಯಚೂರಿನವರಿಗೆ ಬೇಸಿಗೆಯೇ ದೊಡ್ಡ ಪರೀಕ್ಷೆ, ಗಾಳಿಯೂ ಒಣ, ಬಿಸಿಲೂ 40 ದಾಟುತ್ತದೆ.

ಈಗ ಗಿಡಗಳಿಗೆ ಬರೋಣ. ಅಪರೂಪದ್ದು ಅಂತ ಮಾರುವವರ ಪಟ್ಟಿ ಉದ್ದ ಇದೆ. ಅದರಲ್ಲಿ ಮನೆಯೊಳಗೆ ನಿಜಕ್ಕೂ ಎದುರುಬದುರು ಇಟ್ಟು ನೋಡಬೇಕಾದವು ನಾಲ್ಕೈದು.

ಟೆಟ್ರಾಸ್ಪರ್ಮ: ಮೊದಲ ಬಳ್ಳಿ

ರಾಫಿಡೊಫೋರ ಟೆಟ್ರಾಸ್ಪರ್ಮ ದಕ್ಷಿಣ ಥಾಯ್ಲೆಂಡ್ ಮತ್ತು ಮಲೇಷ್ಯಾ ಕಡೆಯದು. ಅಂಗಡಿಯಲ್ಲಿ "ಮಿನಿ ಮಾನ್ಸ್ಟೆರಾ" ಅಂತ ಕೂಗಿ ಮಾರುತ್ತಾರೆ. ಇದು ಮಾನ್ಸ್ಟೆರಾ ಅಲ್ಲ, ಎಲೆ ಸೀಳಿರುವುದಷ್ಟೇ ಹೋಲಿಕೆ. ಚೆನ್ನಾಗಿ ಬೆಳಕಿದ್ದರೆ ವರ್ಷಕ್ಕೆ ಆಳೆತ್ತರ ಹೋಗುತ್ತದೆ. ಒಣ ಗಾಳಿಯನ್ನೂ ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಕತ್ತರಿಸಿ ನೀರಲ್ಲಿಟ್ಟರೆ ಎರಡು ಮೂರು ವಾರದಲ್ಲಿ ಬೇರು.

ಇದಕ್ಕಿರುವ ಒಂದೇ ಕೆಟ್ಟ ಚಾಳಿ ಅವಸರ. ಬೆಳಕು ಕಡಿಮೆಯಾದರೆ ಗೆಣ್ಣಿಗೂ ಗೆಣ್ಣಿಗೂ ನಡುವೆ ಅರ್ಧಡಿ ಅಂತರ ಬಿಟ್ಟು, ಎಲೆ ಚಿಕ್ಕದು ಮಾಡಿಕೊಂಡು, ಕಿಟಕಿ ಕಡೆಗೆ ಓಡುತ್ತದೆ. ಆಗ ಕುಡಿ ಚಿವುಟಿ ಕಿಟಕಿಗೆ ಹತ್ತಿರ ತನ್ನಿ, ಸರಿಹೋಗುತ್ತದೆ.

ಬೆಲೆಯ ವಿಷಯದಲ್ಲಿ ಈ ಗಿಡ ಒಂದು ಪಾಠವನ್ನೇ ಹೇಳಿದೆ. 2021ರಲ್ಲಿ ಇದರ ಬಿಳಿ ಬಣ್ಣ ಬೆರೆತ ಒಂದು ಗಿಡ, ಎಂಟೊಂಬತ್ತು ಎಲೆ ಅಷ್ಟೇ, ನ್ಯೂಜಿಲೆಂಡಿನ ಆನ್‌ಲೈನ್ ಹರಾಜಿನಲ್ಲಿ 27,100 ನ್ಯೂಜಿಲೆಂಡ್ ಡಾಲರಿಗೆ ಹೋಯಿತು. ಆಗ ಕೋವಿಡ್ ಕಾಲ. ಅದರ ಮಾಮೂಲಿ ಹಸಿರು ಗಿಡ ಇವತ್ತು ಒಂದು ಒಳ್ಳೆಯ ಹೋಟೆಲ್ ಊಟದ ಬಿಲ್ಲಿನಷ್ಟಕ್ಕೆ ಸಿಗುತ್ತದೆ. ಮೊದಲ ಬಾರಿ ತರುವವರು ಹಸಿರೇ ತನ್ನಿ.

ಥಾಯ್ ಕಾನ್‌ಸ್ಟಲೇಷನ್ನೋ, ಆಲ್ಬೋನೋ?

ಎರಡೂ ಮಾನ್ಸ್ಟೆರಾ ಡೆಲಿಸಿಯೋಸದ ಬಣ್ಣ ಬೆರೆತ ರೂಪಗಳು. ಮೂಲ ಗಿಡ ದಕ್ಷಿಣ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಾಡಿನದು. ಫೋಟೋದಲ್ಲಿ ಇವೆರಡು ಅಣ್ಣತಮ್ಮನ ಹಾಗೆ ಕಾಣುತ್ತವೆ. ಮನೆಯಲ್ಲಿ ಸಾಕಿದರೆ ಸ್ವಭಾವವೇ ಬೇರೆ.

ಥಾಯ್ ಕಾನ್‌ಸ್ಟಲೇಷನ್ ಪ್ರಯೋಗಾಲಯದಲ್ಲಿ, ಅಂಗಾಂಶ ಕೃಷಿಯಿಂದ ಬರುವ ಗಿಡ. ಹಸಿರಿನ ಮೇಲೆ ಕೆನೆ ಬಣ್ಣದ ಚುಕ್ಕಿ, ರಾತ್ರಿ ಆಕಾಶದಂತೆ. ಈ ಬಣ್ಣ ಗಿಡದ ಮೈಯಲ್ಲೆಲ್ಲ ಬೆರೆತಿರುತ್ತದೆ. ಮುಂದಿನ ಎಲೆ ಪೂರ್ತಿ ಹಸಿರಾಗುತ್ತೋ, ಪೂರ್ತಿ ಬಿಳಿಯಾಗುತ್ತೋ ಅನ್ನುವ ಭಯ ಹೆಚ್ಚುಕಡಿಮೆ ಇಲ್ಲ. ಲ್ಯಾಬಿನಲ್ಲಿ ಸಾವಿರಗಟ್ಟಲೆ ಮಾಡಬಹುದಾದ್ದರಿಂದ ಬೆಲೆಯೂ ಇಳಿಯುತ್ತಾ ಬಂದಿದೆ.

ಆಲ್ಬೋ ಹಾಗಲ್ಲ. ಅದರಲ್ಲಿ ಹಸಿರು ಕೋಶಗಳ ಗುಂಪು, ಬಿಳಿ ಕೋಶಗಳ ಗುಂಪು ಒಂದೇ ಕಾಂಡದಲ್ಲಿ ಅಕ್ಕಪಕ್ಕ ಸಂಸಾರ ಮಾಡುತ್ತವೆ. ಹೆಚ್ಚಾಗಿ ತುಂಡು ಕತ್ತರಿಸಿಯೇ ಹೆಚ್ಚಿಸುತ್ತಾರೆ. ಕಾಂಡವನ್ನು ಹತ್ತಿರದಿಂದ ನೋಡಿ, ಹಸಿರು ಮತ್ತು ಬಿಳಿ ಪಟ್ಟೆ ಉದ್ದಕ್ಕೆ ಹೋಗಿರುತ್ತವೆ. ಪ್ರತಿ ಗೆಣ್ಣಿನಲ್ಲಿ ಅಕ್ಕಿಕಾಳಿನಂಥ ಒಂದು ಮೊಗ್ಗು ಇರುತ್ತದೆ. ಆ ಮೊಗ್ಗು ಯಾವ ಪಟ್ಟೆಯ ಮೇಲೆ ಕೂತಿದೆ ಅನ್ನುವುದೇ ಮುಂದಿನ ಬಳ್ಳಿಯ ಜಾತಕ. ಎರಡು ಬಣ್ಣ ಸೇರುವ ಗೆರೆಯ ಮೇಲಿದ್ದರೆ ಅರ್ಧ ಬಿಳಿ ಅರ್ಧ ಹಸಿರಿನ ಎಲೆ ಬರುವ ಸಾಧ್ಯತೆ ಜಾಸ್ತಿ. ಹಸಿರಿನ ನಡುವೆ ಇದ್ದರೆ ಮೆಲ್ಲಗೆ ಹಸಿರಾಗಿಬಿಡುತ್ತದೆ. ಬಿಳಿಯ ನಡುವೆ ಇದ್ದರೆ ಬೆಳ್ಳಗಿನ ಎಲೆ ಬರುತ್ತದೆ. ನೋಡಲು ಚೆಂದ, ಆದರೆ ಬಿಳಿ ಭಾಗದಲ್ಲಿ ಪತ್ರಹರಿತ್ತು ಇಲ್ಲ, ಅದು ದುಡಿಯುವುದಿಲ್ಲ, ಕೂತು ಉಣ್ಣುತ್ತದೆ. ಹಾಗೇ ಬಿಟ್ಟರೆ ಇಡೀ ಬಳ್ಳಿ ಸೊರಗುತ್ತದೆ. ಎರಡೂ ಬಣ್ಣ ಸರಿಯಾಗಿ ಇದ್ದ ಕೊನೆಯ ಗೆಣ್ಣಿನವರೆಗೆ ಕತ್ತರಿಸಬೇಕು. ದುಡ್ಡು ಕೊಟ್ಟು ತಂದದ್ದನ್ನು ಕತ್ತರಿಸಲು ಕೈ ಬರುವುದಿಲ್ಲ, ಅದು ಗೊತ್ತು.

ಇನ್ನೊಂದು ಸಂಗತಿ. ಒಣ ಗಾಳಿಗೆ, ನೀರಿನ ಏರುಪೇರಿಗೆ ಮೊದಲು ಸುಡುವುದು ಈ ಬಿಳಿ ಭಾಗವೇ. ಬೆಂಗಳೂರಿನ ಮಾರ್ಚ್ ಮುಗಿಯುವ ಹೊತ್ತಿಗೆ ಆಲ್ಬೋದ ಬಿಳಿ ಅಂಚು ದೋಸೆಯಂಚಿನ ಹಾಗೆ ಕಂದಿರುತ್ತದೆ.

ಹಾಗಾದರೆ ಥಾಯ್‌ಗೆ ತೊಂದರೆ ಇಲ್ವಾ? ಇದೆ. ಅದರ ಬೇರು ನಾಜೂಕು. ಮಣ್ಣು ತೇವ ಹಿಡಿದುಕೊಂಡರೆ ಬೇರು ಕೊಳೆಯುವುದು ಮಾಮೂಲಿ ಮಾನ್ಸ್ಟೆರಾಕ್ಕಿಂತ ಇದರಲ್ಲಿ ಬೇಗ. ಚಿಕ್ಕ ಕುಂಡ, ಸಡಿಲ ಮಿಶ್ರಣ, ಮೇಲಿನ ಎರಡಿಂಚು ಒಣಗಿದ ಮೇಲಷ್ಟೇ ನೀರು. ಜತೆಗೆ ಜಾಗದ ಪ್ರಶ್ನೆ. ಎರಡೂ ಅಡ್ಡಡ್ಡ ಹರಡುವ ಗಿಡಗಳು. ಮೂರು ವರ್ಷ ಚೆನ್ನಾಗಿ ಸಾಕಿದರೆ ಮೂರ್ನಾಲ್ಕು ಅಡಿ ಅಗಲ ಬೇಕು. ಎರಡು ಬೆಡ್‌ರೂಮಿನ ಫ್ಲ್ಯಾಟಿನ ಹಾಲ್‌ನಲ್ಲಿ ಅದು ಒಬ್ಬ ಬಾಡಿಗೆದಾರ ಇದ್ದಂತೆ.

ನನ್ನನ್ನು ಕೇಳಿದರೆ ಮನೆಗೆ ಥಾಯ್. ಆಲ್ಬೋ ಕತ್ತರಿಸಿ, ಬೇರು ಬರಿಸಿ, ಗೆಳೆಯರಿಗೆ ಹಂಚುವ ಆಟ ಇಷ್ಟ ಇರುವವರಿಗೆ.

ಮೆಲನೊಕ್ರೈಸಮ್: ಆಸೆಯ ಗಿಡ

ಫಿಲೊಡೆಂಡ್ರಾನ್ ಮೆಲನೊಕ್ರೈಸಮ್ ಕೊಲಂಬಿಯಾದ್ದು, ಆಂಡಿಸ್ ಬೆಟ್ಟಸಾಲಿನ ತಪ್ಪಲಿನ ಮಳೆಕಾಡಿನದು. ಹೆಸರಿನ ಅರ್ಥ ಕಪ್ಪು ಚಿನ್ನ. ನಮ್ಮ ಕಡೆ ಕಾಳುಮೆಣಸನ್ನೂ ಹಾಗೇ ಕರೆಯುತ್ತಾರೆ ಅಲ್ವಾ, ಅದೂ ಮರ ಹತ್ತುವ ಬಳ್ಳಿಯೇ.

ಹೊಸ ಎಲೆ ಬಿಚ್ಚುವಾಗ ತಾಮ್ರದ ಬಣ್ಣ. ವಾರ ಕಳೆದಂತೆ ಕಡುಹಸಿರು, ಹೆಚ್ಚುಕಡಿಮೆ ಕಪ್ಪು. ಮುಟ್ಟಿದರೆ ಮಖಮಲ್. ಎಲೆಯ ಮೇಲ್ಪದರದ ಕೋಶಗಳು ಪುಟ್ಟ ಪುಟ್ಟ ಗುಮ್ಮಟದಂತೆ ಉಬ್ಬಿರುವುದರಿಂದ ಆ ಹೊಳಪು. ಎಳೆಯ ಗಿಡದ ಎಲೆ ಹೃದಯದಾಕಾರದ ಪುಟ್ಟದು. ದೊಡ್ಡದಾದ ಮೇಲೆ ಎರಡಡಿ ಉದ್ದ ಜೋತುಬೀಳುತ್ತದೆ. ಎರಡೂ ಎಷ್ಟು ಬೇರೆ ಅಂದರೆ, 1873ರಲ್ಲಿ ಎಳೆಯ ಗಿಡಕ್ಕೆ ಒಂದು ಹೆಸರಿಟ್ಟ ಸಸ್ಯಶಾಸ್ತ್ರ, 1886ರಲ್ಲಿ ಬಲಿತ ಗಿಡಕ್ಕೆ ಆಂಡ್ರಿಯಾನಮ್ ಅಂತ ಇನ್ನೊಂದು ಹೆಸರು ಕೊಟ್ಟಿತ್ತು. ಎರಡೂ ಒಂದೇ ಅಂತ ಆಮೇಲೆ ಗೊತ್ತಾಯಿತು.

ನನ್ನ ಮೊದಲ ಮೆಲನೊಕ್ರೈಸಮ್ ಫೆಬ್ರವರಿಯಲ್ಲಿ ಬಂತು. ಮೂರೆಲೆ. ತೆಂಗಿನ ನಾರಿನ ಕೋಲಿಗೆ ಕಟ್ಟಿ ಕಿಟಕಿ ಪಕ್ಕ ಇಟ್ಟೆ. ದಿನಾ ಎರಡು ಸಲ ನೀರು ಸಿಂಪಡಿಸಿದೆ. ಮಾರ್ಚ್ ಮೊದಲ ವಾರ ಸುಳಿ ಬಂತು. ಮನೆಯವರೆಲ್ಲ ಬಂದು ನೋಡಿದ್ದೇ ನೋಡಿದ್ದು. ಸುಳಿಯನ್ನು ಸುತ್ತಿದ್ದ ಹೊದಿಕೆ ಒಣಗಿ ಬಿಗಿಯಾಯಿತು. ಒಳಗಿನ ಎಲೆ ಹೊರಗೆ ಬರಲು ಒದ್ದಾಡಿ, ನಡುವೆ ಹರಿದು, ಸುಕ್ಕುಗಟ್ಟಿ ಬಂತು. ನಾನು ಬೆರಳಿನಿಂದ ಬಿಡಿಸಲು ಹೋಗಿ ಉಳಿದದ್ದನ್ನೂ ಹರಿದೆ. ಏಪ್ರಿಲ್ ಹೊತ್ತಿಗೆ ಇನ್ನೊಂದು ಎಲೆ, ಮೊದಲಿನದಕ್ಕಿಂತ ಚಿಕ್ಕದು. ಆಮೇಲೆ ಹಳೆ ಎಲೆ ಒಂದೊಂದೇ ಹಳದಿ. ಮೇ ತಿಂಗಳಲ್ಲಿ ಕುಂಡ ಖಾಲಿ.

ತಪ್ಪು ಎಲ್ಲಿತ್ತು ಅಂತ ಆಮೇಲೆ ಲೆಕ್ಕ ಹಾಕಿದೆ. ಸಿಂಪಡಿಸಿದ ನೀರು ಗಾಳಿಯ ತೇವವನ್ನು ಏರಿಸುವುದು ಕೆಲವು ನಿಮಿಷ ಮಾತ್ರ. ಮಖಮಲ್ ಎಲೆಯ ಮೇಲೆ ಕಲೆ ಉಳಿಯುವುದು ಮಾತ್ರ ಶಾಶ್ವತ. ನಾರಿನ ಕೋಲು ಒಣಕಟ್ಟಿಗೆ, ಅದಕ್ಕೆ ಒಂದು ಬೇರೂ ಕಚ್ಚಿರಲಿಲ್ಲ. ಗಿಡ ಹತ್ತಿರಲೇ ಇಲ್ಲ, ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ನಿಂತಿತ್ತು ಅಷ್ಟೇ.

ಈ ಗಿಡಕ್ಕೆ ಶೇಕಡಾ 60ಕ್ಕಿಂತ ಮೇಲೆ ಗಾಳಿಯ ತೇವ, 18ರಿಂದ 30 ಡಿಗ್ರಿ ಶಾಖ, ಒದ್ದೆ ಆಸರೆ ಬೇಕು. ಮೂರೂ ಸೇರಿದರೆ ಪ್ರತಿ ಹೊಸ ಎಲೆ ಹಿಂದಿನದಕ್ಕಿಂತ ದೊಡ್ಡದು ಬರುತ್ತದೆ. ಒಂದು ತಪ್ಪಿದರೆ ಚಿಕ್ಕದಾಗುತ್ತಾ ಹೋಗುತ್ತದೆ. ಕರಾವಳಿಯವರು ಜಗಲಿಯಲ್ಲೇ ಸಾಕಬಹುದು, ಜಡಿಮಳೆ ಎಲೆಗೆ ನೇರ ಹೊಡೆಯದಿದ್ದರೆ ಸಾಕು. ಬೆಂಗಳೂರು, ಮೈಸೂರಿನವರಿಗೆ ಫೆಬ್ರವರಿಯಿಂದ ಮೇವರೆಗೆ ಗಾಳಿಗೆ ತೇವ ತುಂಬುವ ಹ್ಯುಮಿಡಿಫೈಯರ್ ಅಥವಾ ಗಾಜಿನ ಬಾಗಿಲಿನ ಅಲ್ಮೇರಾ ಬೇಕು. ಎರಡೂ ಬೇಡ ಅನ್ನುವವರು ಈ ಗಿಡದ ಫೋಟೋ ನೋಡಿ ಮುಂದೆ ಹೋಗುವುದು ಒಳ್ಳೆಯದು. ಹ್ಯುಮಿಡಿಫೈಯರ್‌ಗೆ ಬೋರ್‌ವೆಲ್ ನೀರು ಹಾಕಬೇಡಿ, ಟೀವಿ ಮೇಲೆಲ್ಲ ಬಿಳಿ ಪುಡಿ ಕೂರುತ್ತದೆ.

ಮಖಮಲ್ ಆಸೆಗೆ ಗ್ಲೋರಿಯೋಸಮ್ ಅನ್ನುವ ಇನ್ನೊಂದು ಫಿಲೊಡೆಂಡ್ರಾನ್ ತರುವವರಿದ್ದಾರೆ. ಚೆಂದದ ಗಿಡ, ಇದಕ್ಕಿಂತ ಸ್ವಲ್ಪ ಗಟ್ಟಿ. ಆದರೆ ಅದು ಹತ್ತುವುದಿಲ್ಲ, ನೆಲದ ಮೇಲೆ ಶುಂಠಿಯ ಗೆಡ್ಡೆಯ ಹಾಗೆ ತೆವಳುತ್ತದೆ. ಉದ್ದನೆಯ ತೊಟ್ಟಿ ಬೇಕು. ಅದಕ್ಕೂ ಕೋಲು ಕಟ್ಟಿ ಮಾರುವವರನ್ನು ಕಂಡಿದ್ದೇನೆ.

ಹೋಯಾ: ಇನ್ನೊಂದು ಕುಲದ ಬಳ್ಳಿ

ಮೇಲಿನವೆಲ್ಲ ಕೆಸುವಿನ ಕುಟುಂಬದವು. ಹೋಯಾ ಎಕ್ಕದ ಕುಟುಂಬದ್ದು. ಕತ್ತರಿಸಿದರೆ ಹಾಲು ಬರುತ್ತದೆ. ಹೂವಿನ ಗೊಂಚಲು ನೋಡಿದರೆ ನಂಟು ತಿಳಿಯುತ್ತದೆ, ಎಕ್ಕದ ಹೂವನ್ನು ಮೇಣದಲ್ಲಿ ಅಚ್ಚು ಹಾಕಿದಂತೆ, ನಕ್ಷತ್ರದೊಳಗೊಂದು ನಕ್ಷತ್ರ. ಹಲವು ಜಾತಿಗಳು ರಾತ್ರಿ ಘಮ್ಮೆನ್ನುತ್ತವೆ. ನಮ್ಮ ಪಶ್ಚಿಮ ಘಟ್ಟದಲ್ಲೇ ಹೋಯಾ ಪೌಸಿಫ್ಲೋರದಂಥ ಜಾತಿಗಳು ಮರದ ಮೇಲೆ ಬೆಳೆಯುತ್ತವೆ. ಚಾರಣಕ್ಕೆ ಹೋದಾಗ ಕಿತ್ತು ತರಬೇಡಿ. ರಕ್ಷಿತಾರಣ್ಯದಿಂದ ಗಿಡ ತರುವುದು ಅಪರಾಧ, ತಂದದ್ದು ಬದುಕುವುದೂ ಕಷ್ಟ.

ಇದರ ಎಲೆ ದಪ್ಪ, ನೀರು ಕೂಡಿಟ್ಟುಕೊಳ್ಳುತ್ತದೆ. ಹದಿನೈದು ದಿನ ಊರಿಗೆ ಹೋಗಿ ಬಂದರೂ ಮುನಿಸಿಕೊಳ್ಳುವುದಿಲ್ಲ. ಒಣ ಗಾಳಿಯ ಊರಿನವರು, ಬೆಳಗಾವಿಯಿಂದ ಬಳ್ಳಾರಿವರೆಗೆ, ಅಪರೂಪದ ಬಳ್ಳಿ ಬೇಕೆಂದರೆ ಮೊದಲು ಇದನ್ನೇ ನೋಡಿ. ಬಿರುಬಿಸಿಲಿನ ಪಶ್ಚಿಮದ ಕಿಟಕಿಗೆ ಮಾತ್ರ ಒಂದು ತೆಳು ಪರದೆ ಇರಲಿ.

ಒಂದು ವ್ಯತ್ಯಾಸ ಮರೆಯಬೇಡಿ. ಇದು ಬೇರಿನಿಂದ ಕಚ್ಚುವುದಕ್ಕಿಂತ ಜಾಸ್ತಿ ಶಂಖಪುಷ್ಪದ ಹಾಗೆ ಸುತ್ತಿಕೊಂಡು ಹತ್ತುತ್ತದೆ. ತಂತಿಯ ಬಳೆ ಅಥವಾ ದಾರ ಸಾಕು, ಪಾಚಿ ತುಂಬಿದ ಕೋಲು ದಂಡ. ಎಲೆಯಿಲ್ಲದ ಉದ್ದನೆಯ ಕುಡಿ ಗಾಳಿಯಲ್ಲಿ ತಡಕಾಡುವುದನ್ನು ನೋಡಿ ಒಣಗಿದೆ ಅಂತ ಕತ್ತರಿಸಬೇಡಿ, ಎಲೆ ಆಮೇಲೆ ಬರುತ್ತದೆ. ಹೂ ಉದುರಿದ ಮೇಲೆ ಉಳಿಯುವ ತೊಟ್ಟನ್ನೂ ಕೀಳಬೇಡಿ, ಮುಂದಿನ ಗೊಂಚಲು ಅದೇ ತುದಿಯಲ್ಲಿ.

ಪ್ರೇಮಿಗಳ ದಿನಕ್ಕೆ ಹೃದಯದಾಕಾರದ ಒಂದೇ ಎಲೆ ನೆಟ್ಟ ಪುಟ್ಟ ಕುಂಡ ಮಾರುತ್ತಾರಲ್ಲ, ಅದು ಹೋಯಾ ಕೆರಿಯ ಎಲೆ. ಗೆಣ್ಣಿಲ್ಲದ ಬರೀ ಎಲೆ ಬೇರು ಬಿಟ್ಟುಕೊಂಡು ವರ್ಷಗಟ್ಟಲೆ ಹಾಗೇ ಕೂತಿರುತ್ತದೆ, ಬಳ್ಳಿಯಾಗುವುದು ತೀರಾ ಕಡಿಮೆ. ಉಡುಗೊರೆ ಕೊಡುವ ಮುಂಚೆ ಈ ಸಂಗತಿ ತಿಳಿದಿರಲಿ.

ತುಂಡೋ, ಲ್ಯಾಬ್ ಸಸಿಯೋ, ಬೆಳೆದ ಗಿಡವೋ

ಬೆಲೆ ಏರುವುದು ಈ ಅನುಕ್ರಮದಲ್ಲೇ ಅಂತಲ್ಲ, ಆದರೆ ತಲೆನೋವು ಇಳಿಯುವುದು ಹೀಗೆ.

ಎಲೆಯಿಲ್ಲದ, ಒಂದೇ ಗೆಣ್ಣಿನ ಕಾಂಡದ ತುಂಡು ಎಲ್ಲಕ್ಕಿಂತ ಅಗ್ಗ. ಒಮ್ಮೆ ಒಬ್ಬರಿಂದ ಹೀಗೊಂದು ತುಂಡು ತರಿಸಿದೆ. ಒಂದೂವರೆ ತಿಂಗಳು ಒದ್ದೆ ಪಾಚಿಯಲ್ಲಿ ಡಬ್ಬಿ ಮುಚ್ಚಿಟ್ಟು ಕಾದೆ. ಬೇರು ಬಂತು, ಚಿಗುರು ಬರಲೇ ಇಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಗೆಣ್ಣಿನಲ್ಲಿ ಮೊಗ್ಗು ಇದ್ದ ಜಾಗ ಒಣಗಿ ಕಪ್ಪಾಗಿತ್ತು. ಕೇಳಿದ್ದಕ್ಕೆ "ಬೇರು ಬಂದಿದೆಯಲ್ಲ ಸಾರ್" ಅಂದರು. ಮೊಗ್ಗಿನ ಹತ್ತಿರದ ಫೋಟೋ ಕೇಳದೆ ತುಂಡು ಕೊಳ್ಳಬೇಡಿ. ಮೆಣಸಿನ ಹಂಬು ನೆಡುವವರು ಎರಡು ಮೂರು ಗೆಣ್ಣು ಇಟ್ಟು ಕತ್ತರಿಸುವುದು ಸುಮ್ನೆ ಅಲ್ಲ. ಒಂದು ಸತ್ತರೆ ಇನ್ನೊಂದು ಇರುತ್ತದೆ.

ಲ್ಯಾಬ್ ಸಸಿ ಪುಟ್ಟ ಪ್ಲಾಸ್ಟಿಕ್ ಲೋಟದಲ್ಲಿ ಬರುತ್ತದೆ. ಶುದ್ಧ, ಅಗ್ಗ, ಆದರೆ ಹೊರಗಿನ ಗಾಳಿ ಕಾಣದ ಮಗು. ಮೊದಲ ತಿಂಗಳು ಮುಚ್ಚಿದ ಡಬ್ಬಿಯಲ್ಲಿಟ್ಟು, ದಿನದಿನಕ್ಕೆ ಮುಚ್ಚಳ ಸ್ವಲ್ಪ ಸ್ವಲ್ಪ ಜಾಸ್ತಿ ತೆರೆಯಬೇಕು. ಆ ತಾಳ್ಮೆ ಇದ್ದರೆ ಥಾಯ್ ಕಾನ್‌ಸ್ಟಲೇಷನ್‌ಗೆ ಇದೇ ಒಳ್ಳೆಯ ದಾರಿ.

ಉಳಿದವರು ಬೇರೂರಿದ, ಮಾರುವವರ ಮನೆಯಲ್ಲೇ ಕನಿಷ್ಠ ಒಂದು ಎಲೆ ಬಿಟ್ಟ ಗಿಡ ತನ್ನಿ. ಆಗಷ್ಟೇ ಹೊರಗಿನಿಂದ ಬಂದ ಗಿಡವೋ, ಇಲ್ಲಿಯ ಹವೆಗೆ ಪಳಗಿದ್ದೋ ಅಂತ ಕೇಳಿ. ಗುಲಾಬಿ ಬಣ್ಣದ ಎಲೆಯ ಫಿಲೊಡೆಂಡ್ರಾನ್, ಪಿಂಕ್ ಕಾಂಗೋ ಅಂತ ಯಾರಾದರೂ ಕೊಡಲು ಬಂದರೆ ಬೇಡ ಅನ್ನಿ. ಅದು ರಾಸಾಯನಿಕದಿಂದ ಬರಿಸಿದ ಬಣ್ಣ, ಕೆಲವು ತಿಂಗಳಲ್ಲಿ ಹಸಿರು. ಪಿಂಕ್ ಪ್ರಿನ್ಸೆಸ್ ಅನ್ನುವ ಫಿಲೊಡೆಂಡ್ರಾನ್ ಬೇರೆ, ಅದರ ಬಣ್ಣ ನಿಜದ್ದು, ಆಲ್ಬೋದ ಹಾಗೆ ಏರಿಳಿಯುತ್ತದೆ. ಮಾನ್ಸ್ಟೆರಾ ಆಬ್ಲಿಕ್ವ ಅಂತ ಮಾರುವುದು ಬಹುಪಾಲು ಅಡಾನ್ಸೋನಿ ಅನ್ನುವ ಇನ್ನೊಂದು ಮಾನ್ಸ್ಟೆರಾ. ನಿಜವಾದ ಪೆರುವಿನ ಆಬ್ಲಿಕ್ವದಲ್ಲಿ ಎಲೆಗಿಂತ ತೂತೇ ಜಾಸ್ತಿ, ಕಾಗದದಷ್ಟು ತೆಳು, ಗಾಜಿನ ಪೆಟ್ಟಿಗೆಯ ಹೊರಗೆ ಬಾಳುವುದಿಲ್ಲ.

ಆಸರೆ: ನಾರು, ಪಾಚಿ, ದಬ್ಬೆ

ಗಿಡದ ಆಯ್ಕೆಯಷ್ಟೇ ಮುಖ್ಯ ಇದು. ನರ್ಸರಿಯಲ್ಲಿ ಸಿಗುವ ತೆಂಗಿನ ನಾರಿನ ಕೋಲು ಅಗ್ಗ, ಗಟ್ಟಿ, ಆದರೆ ನೀರು ನಿಲ್ಲುವುದಿಲ್ಲ. ಟೆಟ್ರಾಸ್ಪರ್ಮಕ್ಕೆ ನಡೆಯುತ್ತದೆ, ಮೆಲನೊಕ್ರೈಸಮ್‌ಗೆ ಇಲ್ಲ.

ಸ್ಫ್ಯಾಗ್ನಮ್ ಪಾಚಿ ತುಂಬಿದ ಕೋಲು ಉಳಿದೆಲ್ಲಕ್ಕಿಂತ ಮೇಲು. ಚಿಲಿ, ನ್ಯೂಜಿಲೆಂಡ್ ಕಡೆಯಿಂದ ಬರುವ ಪಾಚಿ, ಬೆಲೆ ಜಾಸ್ತಿ. ಪ್ಲಾಸ್ಟಿಕ್ ಬಲೆಯನ್ನು ಇಂಗ್ಲಿಷಿನ ಡಿ ಅಕ್ಷರದ ಹಾಗೆ ಬಗ್ಗಿಸಿ, ಬೆನ್ನಿಗೆ ಪ್ಲಾಸ್ಟಿಕ್ ಹಾಳೆ ಕೊಟ್ಟು, ಮುಂದೆ ಪಾಚಿ ತುಂಬಿ. ಮೇಲಿನಿಂದ ನೀರು ಹೊಯ್ದರೆ ಇಳಿದು ಕುಂಡಕ್ಕೂ ಸಿಗುತ್ತದೆ. ಬೇರು ಒಳಗೆ ಇಳಿದ ಮೇಲೆ ಕೋಲು ಒಣಗಬಾರದು. ಒಣಗಿದರೆ ಅಷ್ಟೂ ಬೇರು ಸಾಯುತ್ತವೆ. ಅಂದರೆ ವಾರಕ್ಕೆರಡು ಸಲ ನೀರು ಹೊಯ್ಯಲು ಆಗದವರಿಗೆ ಇದು ಬೇಡ.

ನಾನು ಬಳಸುವ ಮೂರನೆಯದು ಅಡಿಕೆ ದಬ್ಬೆ. ಊರಿಂದ ಬರುವಾಗ ಕಾರಿನಲ್ಲಿ ನಾಲ್ಕಡಿಯ ಎರಡು ಸೀಳು ಹಾಕಿಕೊಂಡು ಬಂದೆ. ಒಳಮುಖದ ನಾರು ಒರಟು, ಬೇರು ಕಚ್ಚುತ್ತದೆ, ಪಾಚಿಯಷ್ಟು ನೀರು ಬೇಡುವುದಿಲ್ಲ. ಕುಂಡದ ಮಣ್ಣಲ್ಲಿ ಹೂತ ತುದಿ ಎರಡು ಮೂರು ವರ್ಷಕ್ಕೆ ಕೊಳೆಯುತ್ತದೆ, ಅದೊಂದೇ ಕೊರತೆ. ಎಲೆಯನ್ನು ಹಲಗೆಗೆ ಅಂಟಿಸಿಕೊಂಡು ಹತ್ತುವ ಮಾನ್ಸ್ಟೆರಾ ಡ್ಯೂಬಿಯದಂಥ ಗಿಡಕ್ಕೆ ಇದಕ್ಕಿಂತ ಹೊಂದುವ ಆಸರೆ ನಾನು ಕಂಡಿಲ್ಲ.

ಯಾವ ಆಸರೆಯಾದರೂ ಕಿಟಕಿಯ ಕಡೆ ಗಿಡ, ಅದರ ಹಿಂದೆ, ಕೋಣೆಯ ಕಡೆ ಕೋಲು. ಎಲೆ ಬೆಳಕಿನ ಕಡೆ, ಬಿಳಲು ಕತ್ತಲ ಕಡೆ ಹೋಗುವುದು ಇವುಗಳ ಹುಟ್ಟುಗುಣ. 1975ರಲ್ಲಿ ಕೋಸ್ಟರಿಕಾದ ಕಾಡಿನಲ್ಲಿ ಒಂದು ಜಾತಿಯ ಮಾನ್ಸ್ಟೆರಾ ಸಸಿಗಳನ್ನು ಗಮನಿಸಿದ ವಿಜ್ಞಾನಿಗಳು, ಅವು ಬೆಳಕು ಬಿಟ್ಟು ಹತ್ತಿರದ ದಟ್ಟ ಕತ್ತಲಿನ ಕಡೆಗೇ ತೆವಳುತ್ತವೆ ಅಂತ ಬರೆದರು. ಕಾಡಿನಲ್ಲಿ ಕತ್ತಲು ಅಂದರೆ ದಪ್ಪ ಮರದ ಬುಡ. ಹಾಗಾಗಿ ಕಟ್ಟುವ ಮುಂಚೆ ಕಾಂಡವನ್ನು ತಿರುಗಿಸಿ ನೋಡಿ, ಬಿಳಲು ಹೊರಡುವ ಬದಿಯೇ ಬೆನ್ನು. ಬೆನ್ನನ್ನು ಕೋಲಿಗೆ ಒತ್ತಿ ಕಟ್ಟಿ.

ಮಣ್ಣು, ನೀರು, ಹುಳ

ಕೆಂಪುಮಣ್ಣು ಬೇಡ, ಒದ್ದೆಯಾದರೆ ಇಟ್ಟಿಗೆ. ತೆಂಗಿನ ಸಿಪ್ಪೆಯ ಚೂರು, ಪರ್ಲೈಟ್, ಸ್ವಲ್ಪ ಇದ್ದಿಲು, ಒಂದು ಹಿಡಿ ಎರೆಗೊಬ್ಬರ, ಇಷ್ಟು. ಕೋಕೋಪೀಟ್ ಬಳಸಿದರೆ ಮೂರು ಸಲ ತೊಳೆಯಿರಿ, ಉಪ್ಪು ಇರುತ್ತದೆ. ಹೋಯಾಕ್ಕೆ ಇನ್ನೂ ಸಡಿಲ, ಇನ್ನೂ ಚಿಕ್ಕ ಕುಂಡ.

ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಗಿಡಕ್ಕೆ ಹಾಕುವ ಅಭ್ಯಾಸ ನಮ್ಮಲ್ಲಿ ತುಂಬಾ ಮನೆಗಳಲ್ಲಿದೆ. ಉಳಿತಾಯದ ಬುದ್ಧಿ ಸರಿ, ಆದರೆ ಆ ನೀರಿನಲ್ಲಿ ಉಪ್ಪಿನಂಶ ಇನ್ನೂ ದಟ್ಟವಾಗಿರುತ್ತದೆ. ಈ ಬಳ್ಳಿಗಳ ಎಲೆತುದಿ ಕಂದುವುದು ಅದರಿಂದಲೇ ಇರಬಹುದು. ಅದನ್ನು ನೆಲ ಒರೆಸಲು ಇಡಿ. ಮಳೆನೀರು ಹಿಡಿದಿಟ್ಟರೆ ಅದಕ್ಕಿಂತ ಬೇರೆ ಬೇಡ.

ಒಣಗಾಲದಲ್ಲಿ ಎಲೆಯಡಿ ಜೇಡನುಸಿ, ವರ್ಷವಿಡೀ ಥ್ರಿಪ್ಸ್ ಮತ್ತು ಹಿಟ್ಟುತಿಗಣೆ. ಹೊಸ ಗಿಡವನ್ನು ಎರಡು ಮೂರು ವಾರ ಬೇರೆ ಕೋಣೆಯಲ್ಲಿಡಿ. ಲೀಟರ್ ನೀರಿಗೆ 5 ಮಿಲೀ ಬೇವಿನೆಣ್ಣೆ, ಎರಡು ಹನಿ ಸೋಪು, ಸಂಜೆ ಹೊತ್ತು. ಮಖಮಲ್ ಎಲೆಗೆ ಮೊದಲು ಒಂದು ಮೂಲೆಯಲ್ಲಿ ಹಚ್ಚಿ ನೋಡಿ.

ಮನೆಯಲ್ಲಿ ಅಂಬೆಗಾಲಿಡುವ ಮಗು, ಬೆಕ್ಕು ಇದ್ದರೆ ಕೆಸುವಿನ ಕುಟುಂಬ ಬಿಟ್ಟು ಹೋಯಾ ಆರಿಸಿ. ಪತ್ರೊಡೆಗೆ ಹುಣಸೆ ಯಾಕೆ ಹಾಕುತ್ತೇವೆ? ಕೆಸುವಿನ ಎಲೆಯ ತುರಿಕೆಗೆ. ಅದೇ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಮಾನ್ಸ್ಟೆರಾ, ಫಿಲೊಡೆಂಡ್ರಾನ್‌ಗಳಲ್ಲೂ ಇದೆ. ಹಸಿ ಎಲೆ ಕಚ್ಚಿದರೆ ಬಾಯಿ, ಗಂಟಲು ಊದುತ್ತದೆ.

ಹೊರದೇಶದಲ್ಲಿರುವವರಿಗೆ

ಮ್ಯೂನಿಕ್, ಟೊರೊಂಟೋ, ನ್ಯೂಜೆರ್ಸಿಯ ಚಳಿಗಾಲದಲ್ಲಿ ಲೆಕ್ಕ ಬದಲಾಗುತ್ತದೆ. ಸಂಜೆ ಐದಾಗುವ ಹೊತ್ತಿಗೆ ಕತ್ತಲು, ಹೀಟರ್‌ನಿಂದ ಗಾಳಿ ನಮ್ಮ ಮಾರ್ಚ್‌ಗಿಂತ ಒಣ, ಕಿಟಕಿಯ ಗಾಜು ತಣ್ಣಗೆ. ಅಲ್ಲಿ ಕಿಟಕಿಯನ್ನು ನಂಬಬೇಡಿ. ದಿನಕ್ಕೆ 12 ಗಂಟೆ ಉರಿಯುವ ಗ್ರೋ ಲೈಟ್ ಹಾಕಿ, ಗಾಜಿನಿಂದ ಒಂದಡಿ ದೂರ ಗಿಡ ಇಡಿ. ಬೆಲೆ ಮತ್ತು ಆಯ್ಕೆ ಅಲ್ಲಿ ನಮಗಿಂತ ಚೆನ್ನಾಗಿದೆ, ಅದಕ್ಕೇ ಊರಿಗೆ ಬರುವಾಗ ಒಂದು ತುಂಡು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಾ ಅಂತ ಇಲ್ಲಿಂದ ಕೇಳುವವರೂ ಇದ್ದಾರೆ. ಭಾರತಕ್ಕೆ ಗಿಡ ತರಲು 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಆಮದು ಪರವಾನಗಿ ಮತ್ತು ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ತುಂಡಿನ ಜತೆ ಬರುವ ಹುಳ, ಬೂಸು ಯಾರ ತೋಟಕ್ಕೆ ಹೋಗುತ್ತದೋ ಹೇಳಲಾಗದು. ಸೊರಗು ರೋಗಕ್ಕೆ ಮೆಣಸಿನ ತೋಟ ಖಾಲಿಯಾದದ್ದು ನೋಡಿದವರು ಇದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಯಾವಾಗ ತರುವುದು

ಜೂನ್‌ನಿಂದ ಸೆಪ್ಟೆಂಬರ್. ಗಾಳಿಯಲ್ಲಿ ತೇವ ಇರುತ್ತದೆ, ಗಿಡ ಬೇರು ಬಿಡುವ ಹುರುಪಿನಲ್ಲಿರುತ್ತದೆ, ಪಾರ್ಸೆಲ್ ಡಬ್ಬಿಯೊಳಗೂ ಬೇಯುವುದಿಲ್ಲ. ಅಷ್ಟು ತಿಂಗಳು ಸಿಕ್ಕರೆ ಮುಂದಿನ ಬೇಸಿಗೆಗೆ ಆಸರೆ ಕಚ್ಚಿಕೊಂಡಿರುತ್ತದೆ. ನನ್ನ ಎರಡನೆಯ ಮೆಲನೊಕ್ರೈಸಮ್ ಆಗಸ್ಟಿನಲ್ಲಿ ಬಂದದ್ದು. ಈಗ ಪಾಚಿ ಕೋಲಿನ ತುದಿ ಮುಟ್ಟಿದೆ, ಕೊನೆಯ ಎಲೆ ಮೊಳಕೈ ಉದ್ದ. ಮಾರ್ಚ್‌ನಲ್ಲಿ ಯಾರಾದರೂ ಅರ್ಧ ಬೆಲೆಗೆ ಕೊಡುತ್ತೇನೆ ಅಂದರೆ, ದುಡ್ಡು ಈಗಲೇ ಕೊಟ್ಟು, ಗಿಡ ಜೂನ್‌ವರೆಗೆ ನಿಮ್ಮಲ್ಲೇ ಇರಲಿ ಅನ್ನಿ.